ಸಕ್ಕರೆ ಬದಲಿಗೆ ಸಿಹಿ ಮಾತ್ರೆ: ತಿಳಿದು ಬಳಸೋಣ



ಹಳ್ಳಿಗಳಲ್ಲಿ ಬರಡು ರಾಸುಗಳ ತಪಾಸಣಾ ಶಿಬಿರ ನಡೆಸುವಾಗ ಬೆದೆ, ಕೆಚ್ಚಲು ಬಾವು, ಖನಿಜ ಮಿಶ್ರಣ ಇವುಗಳ ಮಾತೆಲ್ಲ ಮುಗಿದ ಮೇಲೆ ಇತ್ತೀಚಿನ ವರ್ಷಗಳಲ್ಲಿ ಮತ್ತೊಂದು ಪ್ರಶ್ನೆ ತಪ್ಪದೆ ಬರುತ್ತಿದೆ. ಯಾರಾದರೂ ಹಿರಿಯರು ಜೇಬಿನಿಂದ ಸಣ್ಣ ಡಬ್ಬಿಯೊಂದನ್ನು ತೆಗೆದು ತೋರಿಸಿ, "ಡಾಕ್ಟ್ರೇ, ನಂಗೆ ಶುಗರ್ ಐತೆ ಅಂದವ್ರೆ. ಕಾಫಿಗೆ ಈ ಮಾತ್ರೆ ಹಾಕ್ಕಂಡ್ರೆ ಏನೂ ಆಗಾಕಿಲ್ವಾ? ಇದ್ರಿಂದ ಕ್ಯಾನ್ಸರ್ ಬತ್ತದೆ ಅಂತ ಮೊಬೈಲ್‌ನಾಗೆ ಬಂದಿತ್ತು" ಎನ್ನುತ್ತಾರೆ.

ನಾನು ದನದ ಡಾಕ್ಟರು. ಯಾರಿಗೆ ಯಾವ ಮಾತ್ರೆ ಎಷ್ಟು ಎಂಬುದನ್ನು ಮನುಷ್ಯರ ವೈದ್ಯರೇ ಹೇಳಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಿಹಿ ಎಂದರೇನು, ಸಕ್ಕರೆ ಮೈಯೊಳಗೆ ಹೋಗಿ ಏನಾಗುತ್ತದೆ, ಇಲಿಯ ಮೇಲೆ ಮಾಡಿದ ಪರೀಕ್ಷೆಯನ್ನು ಮನುಷ್ಯನಿಗೆ ಎಷ್ಟರಮಟ್ಟಿಗೆ ಅನ್ವಯಿಸಬಹುದು, ಇವೆಲ್ಲ ಪಶುವೈದ್ಯ ಕಾಲೇಜಿನಲ್ಲೂ ಕಲಿಸುವ ಪಾಠಗಳೇ. ಅಷ್ಟರ ಮಟ್ಟಿಗೆ ಈ ವಿಷಯವನ್ನು ನಿಮ್ಮೊಡನೆ ಹಂಚಿಕೊಳ್ಳುವುದು ಸರಿಯೆನಿಸಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು ಸುಮಾರು 10 ಕೋಟಿ. ಇದು ಪಟ್ಟಣದವರ ಕಾಯಿಲೆ ಎಂಬ ಕಾಲ ಹೋಯಿತು. ಬೆಳಿಗ್ಗೆ ಸಂಘಕ್ಕೆ ಹಾಲು ತರುವ ಸಾಲಿನಲ್ಲೇ ಈ ಕಾಯಿಲೆಯವರು ಇದ್ದಾರೆ.

ಸಿಹಿ ಬೇರೆ, ಸಕ್ಕರೆ ಬೇರೆ

ಮೊದಲು ಒಂದು ಮಾತನ್ನು ಚೆನ್ನಾಗಿ ಮನದಟ್ಟು ಮಾಡಿಕೊಳ್ಳಬೇಕು. ಸಿಹಿ ಎಂಬುದು ನಾಲಿಗೆಯ ಅನುಭವ. ಸಕ್ಕರೆ ಎಂಬುದು ಮೈಗೆ ಸೇರುವ ಪದಾರ್ಥ. ಇವೆರಡೂ ಯಾವಾಗಲೂ ಜೊತೆಯಾಗಿಯೇ ಇರುತ್ತವೆ ಎಂದು ನಾವು ತಿಳಿದಿದ್ದೇವೆ. ಹಾಗೇನಿಲ್ಲ.

ಇದಕ್ಕೆ ನಿಮ್ಮ ಕ್ಯಾನಿನಲ್ಲಿರುವ ಹಾಲೇ ಸಾಕ್ಷಿ. ಹಸುವಿನ ಹಾಲಿನಲ್ಲಿ ನೂರಕ್ಕೆ ಸುಮಾರು ನಾಲ್ಕೂವರೆಯಿಂದ ಐದು ಭಾಗ ಲ್ಯಾಕ್ಟೋಸ್ ಎಂಬ ಸಕ್ಕರೆ ಇದೆ. ದಿನಕ್ಕೆ 10 ಲೀಟರ್ ಹಾಲು ಕೊಡುವ ಹಸು ಪ್ರತಿದಿನ ಹತ್ತಿರ ಹತ್ತಿರ ಅರ್ಧ ಕಿಲೋ ಸಕ್ಕರೆಯನ್ನು ತನ್ನ ರಕ್ತದಿಂದ ತೆಗೆದು ಹಾಲಿಗೆ ಸುರಿಯುತ್ತದೆ. ಆದರೂ ಹಾಲು ಕುಡಿದಾಗ ಪಾಯಸದಂತೆ ಸಿಹಿ ಎನ್ನಿಸುವುದಿಲ್ಲ. ಕಾರಣ, ಲ್ಯಾಕ್ಟೋಸ್ ನಾವು ಬಳಸುವ ಸಕ್ಕರೆಯ ಐದನೇ ಒಂದು ಭಾಗದಷ್ಟು ಮಾತ್ರ ಸಿಹಿ. ಅಂದರೆ ಹಾಲು ಸಕ್ಕರೆ ಇದ್ದೂ ಸಿಹಿ ಕಡಿಮೆ ಇರುವ ಪದಾರ್ಥ.

ಕೃತಕ ಸಿಹಿಕಾರಕಗಳು ಇದಕ್ಕೆ ತದ್ವಿರುದ್ಧ. ಅವುಗಳಲ್ಲಿ ಸಿಹಿ ವಿಪರೀತ, ಸಕ್ಕರೆ ಇಲ್ಲ. ಆಸ್ಪರ್ಟೇಮ್ ಸಕ್ಕರೆಗಿಂತ ಸುಮಾರು 200 ಪಟ್ಟು ಸಿಹಿ. ಸ್ಯಾಕರಿನ್ 300ರಿಂದ 500 ಪಟ್ಟು, ಸುಕ್ರಲೋಸ್ ಸುಮಾರು 600 ಪಟ್ಟು. ಹಾಗಾಗಿ ಕಡಲೆಕಾಳಿಗಿಂತ ಸಣ್ಣ ಮಾತ್ರೆಯೊಂದು ಒಂದು ಚಮಚ ಸಕ್ಕರೆಯ ರುಚಿ ಕೊಡುತ್ತದೆ. ನಾಲಿಗೆಯ ಮೇಲಿನ ಸಿಹಿಯ ಬಾಗಿಲಿಗೆ ಈ ವಸ್ತುಗಳು ಕಳ್ಳ ಕೀಲಿಯಂತೆ ಹೊಂದಿಕೊಳ್ಳುತ್ತವೆ, ಅಷ್ಟೆ. ಬಾಗಿಲು ತೆರೆಯುತ್ತದೆ, ಒಳಗೆ ಯಾವ ಸಾಮಾನೂ ಬರುವುದಿಲ್ಲ.

ಕೊಟ್ಟಿಗೆಯ ಉದಾಹರಣೆ ಕೊಟ್ಟರೆ ಇನ್ನೂ ಸ್ಪಷ್ಟವಾದೀತು. ಪಶು ಆಹಾರದಲ್ಲಿ ಕಾಕಂಬಿ ಬೆರೆಸುವುದು ನಿಮಗೆ ಗೊತ್ತು. ಅದು ರುಚಿ ಕೊಡುತ್ತದೆ, ಹಿಂಡಿ ಗುಳಿಗೆಯಾಗಿ ಗಟ್ಟಿ ನಿಲ್ಲಲು ಅಂಟಾಗುತ್ತದೆ, ಜೊತೆಗೆ ರಾಸಿಗೆ ಶಕ್ತಿಯೂ ಆಗುತ್ತದೆ. ಕೆಲವು ದೇಶಗಳಲ್ಲಿ ಹಂದಿಮರಿಗಳ ಮತ್ತು ಕರುಗಳ ಆಹಾರದಲ್ಲಿ ಸ್ಯಾಕರಿನ್ ಬೆರೆಸುವುದುಂಟು, ತಾಯಿ ಹಾಲು ಬಿಡಿಸಿದ ಮರಿ ಬಾಯಿ ಹಾಕಲಿ ಎಂದು. ಅದರಿಂದ ಬರುವುದು ರುಚಿ ಮಾತ್ರ. ಕರು ಹಾಕಿದ ಹೊಸದರಲ್ಲಿ ಹೆಚ್ಚು ಹಾಲು ಕೊಡುವ ಹಸು ರಕ್ತದಲ್ಲಿ ಸಕ್ಕರೆ ಸಾಲದೆ ಕೀಟೋಸಿಸ್‌ಗೆ ಬಿದ್ದಾಗ ನಾವು ಗ್ಲೂಕೋಸ್ ಏರಿಸುತ್ತೇವೆ. ಅಲ್ಲಿಗೆ ಸ್ಯಾಕರಿನ್ ಒಯ್ದರೆ ಹಸು ಮಲಗಿದಲ್ಲೇ ಮಲಗಿರುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಮನುಷ್ಯರ ವಿಷಯದಲ್ಲಿ ಇದೇ ಪ್ರಾಣಕ್ಕೆ ಬರುವ ಸಂಗತಿಯಾಗುತ್ತದೆ.

ಕೈ ತೊಳೆಯದವರು ಕಂಡುಹಿಡಿದದ್ದು

ಈ ಸಿಹಿಗಳ ಚರಿತ್ರೆ ಸ್ವಾರಸ್ಯಕರ. 1879ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಐರಾ ರೆಮ್ಸೆನ್ ಎಂಬ ಪ್ರಾಧ್ಯಾಪಕರ ಪ್ರಯೋಗಾಲಯದಲ್ಲಿ ಕಾನ್‌ಸ್ಟಾಂಟಿನ್ ಫಾಲ್ಬರ್ಗ್ ಎಂಬಾತ ಕಲ್ಲಿದ್ದಲ ಡಾಂಬರಿನಿಂದ ಬರುವ ರಾಸಾಯನಿಕಗಳ ಮೇಲೆ ಕೆಲಸ ಮಾಡುತ್ತಿದ್ದ. ರಾತ್ರಿ ಊಟಕ್ಕೆ ಕೂತಾಗ ಬ್ರೆಡ್ಡು ಸಿಹಿಯಾಗಿತ್ತು. ಸಿಹಿ ಬ್ರೆಡ್ಡಿನದಲ್ಲ, ಬೆರಳಿನದು. ಅದೇ ಸ್ಯಾಕರಿನ್. 1965ರಲ್ಲಿ ಹೊಟ್ಟೆ ಹುಣ್ಣಿನ ಔಷಧಿಗಾಗಿ ದುಡಿಯುತ್ತಿದ್ದ ಜೇಮ್ಸ್ ಶ್ಲಾಟರ್ ಎಂಬಾತ ಕಾಗದ ಎತ್ತಲು ಬೆರಳು ನೆಕ್ಕಿದಾಗ ಆಸ್ಪರ್ಟೇಮ್ ಸಿಕ್ಕಿತು. 1976ರಲ್ಲಿ ಲಂಡನ್ನಿನ ಕ್ವೀನ್ ಎಲಿಜಬೆತ್ ಕಾಲೇಜಿನಲ್ಲಿದ್ದ ನಮ್ಮ ಭಾರತೀಯ ಶಶಿಕಾಂತ ಫಡ್ನಿಸ್ ಅವರಿಗೆ ಹೊಸ ವಸ್ತುವೊಂದನ್ನು 'ಟೆಸ್ಟ್' ಮಾಡು, ಅಂದರೆ ಪರೀಕ್ಷಿಸು ಎಂದು ಹೇಳಲಾಯಿತಂತೆ. ಅವರಿಗೆ ಅದು 'ಟೇಸ್ಟ್' ಎಂದು ಕೇಳಿಸಿ ರುಚಿ ನೋಡಿಯೇಬಿಟ್ಟರು. ಸುಕ್ರಲೋಸ್ ಹುಟ್ಟಿದ್ದು ಹಾಗೆ. ಹಾಲು ಕರೆಯುವ ಮೊದಲು ಕೈ ತೊಳೆಯಿರಿ ಎಂದು ನಾವು ಈ ಪತ್ರಿಕೆಯಲ್ಲಿ ಸಂಚಿಕೆ ಸಂಚಿಕೆಗೂ ಬರೆಯುತ್ತಿದ್ದೇವೆ. ಈ ಮಹನೀಯರ ಉದಾಹರಣೆಯನ್ನು ದಯವಿಟ್ಟು ಯಾರೂ ಅನುಸರಿಸಬಾರದು.

ಸ್ಟೀವಿಯಾ ಎಂಬುದು ಗಿಡದ ಎಲೆಯಿಂದ ಬರುವ ಸಿಹಿ. ದಕ್ಷಿಣ ಅಮೆರಿಕದ ಪರಾಗ್ವೆ ದೇಶದ ಗಿಡ ಅದು. ಅದರಿಂದ ಶುದ್ಧೀಕರಿಸಿದ ಸಾರಕ್ಕೆ ನಮ್ಮ ದೇಶದಲ್ಲಿ 2015ರಲ್ಲಿ ಅನುಮತಿ ಸಿಕ್ಕಿತು. ಗಿಡದ್ದು ಎಂದ ಮಾತ್ರಕ್ಕೆ ಎಷ್ಟು ಬೇಕಾದರೂ ಬಳಸಬಹುದು ಎಂದೇನಿಲ್ಲ. ಅದಕ್ಕೂ ಮಿತಿ ಇದೆ.

ಕ್ಯಾನ್ಸರ್ ಭಯ ಎಷ್ಟು ನಿಜ?

ಈ ಭಯಕ್ಕೆ ಮೂಲ 1977ರಲ್ಲಿ ಕೆನಡಾದಲ್ಲಿ ನಡೆದ ಇಲಿಗಳ ಪ್ರಯೋಗ. ಆಹಾರದ ನೂರಕ್ಕೆ ಐದು ಭಾಗದಷ್ಟು ಸ್ಯಾಕರಿನ್ ತಿನ್ನಿಸಿದ ಗಂಡು ಇಲಿಗಳ ಮೂತ್ರಕೋಶದಲ್ಲಿ ಗಡ್ಡೆಗಳು ಕಂಡವು. ಅಮೆರಿಕದಲ್ಲಿ ಅದೇ ವರ್ಷ ಕಾನೂನು ತಂದು ಡಬ್ಬಿಗಳ ಮೇಲೆ ಎಚ್ಚರಿಕೆ ಮುದ್ರಿಸಿದರು. ಮುಂದೆ ಇಪ್ಪತ್ತು ವರ್ಷಗಳ ಸಂಶೋಧನೆಯಿಂದ ತಿಳಿದದ್ದೇನೆಂದರೆ, ಗಂಡು ಇಲಿಯ ಮೂತ್ರದಲ್ಲಿ ಪ್ರೋಟೀನು ಮತ್ತು ಸುಣ್ಣದ ಅಂಶ ಹೆಚ್ಚು. ಅಷ್ಟೊಂದು ಸ್ಯಾಕರಿನ್ ಬಿದ್ದಾಗ ಅಲ್ಲಿ ಹರಳುಗಳಾಗಿ ಮೂತ್ರಕೋಶದ ಒಳಪದರವನ್ನು ಉಜ್ಜಿ ಗಾಯ ಮಾಡುತ್ತವೆ. ಮನುಷ್ಯನ ಮೂತ್ರದಲ್ಲಿ ಹಾಗಾಗುವುದಿಲ್ಲ. ಆದ್ದರಿಂದ 2000ದಲ್ಲಿ ಆ ಎಚ್ಚರಿಕೆಯನ್ನು ತೆಗೆದುಹಾಕಿದರು.

ಒಂದು ಜೀವಿಗೆ ವಿಷವಾದದ್ದು ಇನ್ನೊಂದಕ್ಕೆ ಆಗಲೇಬೇಕೆಂದಿಲ್ಲ ಎಂಬುದು ನಮಗೆ ಪಶುವೈದ್ಯರಿಗೆ ದಿನನಿತ್ಯದ ಅನುಭವ. ನಾವು ನುಂಗುವ ಪ್ಯಾರಸಿಟಮಾಲ್ ಬೆಕ್ಕನ್ನು ಕೊಲ್ಲುತ್ತದೆ. ಹಸುಗಳಿಗೆ ನೋವು ಕಳೆಯುತ್ತಿದ್ದ ಡೈಕ್ಲೋಫೆನಾಕ್, ಆ ಹಸು ಸತ್ತ ಮೇಲೆ ಅದನ್ನು ತಿಂದ ರಣಹದ್ದುಗಳ ಸಂತತಿಯನ್ನೇ ಬರಿದು ಮಾಡಿತು. 2006ರಲ್ಲಿ ಅದನ್ನು ಪಶುಗಳಿಗೆ ಬಳಸುವುದನ್ನು ನಿಷೇಧಿಸಬೇಕಾಯಿತು. ಆದ್ದರಿಂದ ಇಲಿಯ ಲೆಕ್ಕವನ್ನು ಮನುಷ್ಯನಿಗೆ ಹಾಗೆಯೇ ಹಚ್ಚುವ ಮೊದಲು ಅದು ಇಲಿಯಲ್ಲಿ ಹೇಗಾಯಿತು ಎಂದು ಕೇಳಬೇಕು.

ಮೊಬೈಲಿನಲ್ಲಿ ಹರಿದಾಡುವ ಸುದ್ದಿ ಬೇರೆಯದು. 2023ರ ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಆಸ್ಪರ್ಟೇಮನ್ನು 'ಬಹುಶಃ ಕ್ಯಾನ್ಸರ್‌ಕಾರಕ ಇರಬಹುದು' ಎಂಬ ಗುಂಪಿಗೆ ಸೇರಿಸಿತು. ಇದು ಸಾಕಷ್ಟು ಆಧಾರವಿಲ್ಲದ, ಆದರೆ ಕೈಬಿಡಲೂ ಆಗದ ಅನುಮಾನಗಳ ಗುಂಪು. ಲೋಳೆಸರದ ಇಡೀ ಎಲೆಯ ಸಾರವೂ ಅದೇ ಗುಂಪಿನಲ್ಲಿದೆ. (ಕೆಚ್ಚಲು ಬಾವಿಗೆ ಲೋಳೆಸರ, ಅರಿಶಿನ, ಸುಣ್ಣ ಅರೆದು ಹಚ್ಚುವವರು ಗಾಬರಿಯಾಗಬೇಕಿಲ್ಲ. ಅಲ್ಲಿ ಹೇಳಿರುವುದು ಒಳಕ್ಕೆ ಸೇವಿಸುವ ಸಾರದ ಮಾತು.) ಅದೇ ದಿನ ಆಹಾರ ಸುರಕ್ಷತೆಯ ತಜ್ಞರ ಸಮಿತಿಯು ಆಸ್ಪರ್ಟೇಮಿನ ದಿನದ ಮಿತಿಯನ್ನು ಬದಲಿಸಬೇಕಿಲ್ಲ ಎಂದಿತು. ಆ ಮಿತಿ ದೇಹದ ತೂಕದ ಪ್ರತಿ ಕಿಲೋಗೆ 40 ಮಿ.ಗ್ರಾಂ. ಅರವತ್ತು ಕಿಲೋ ತೂಕದವರಿಗೆ ದಿನಕ್ಕೆ 2,400 ಮಿ.ಗ್ರಾಂ. ಒಂದು ಮಾತ್ರೆಯಲ್ಲಿ ಸುಮಾರು 18ರಿಂದ 20 ಮಿ.ಗ್ರಾಂ ಇರುತ್ತದೆ ಎಂದಿಟ್ಟುಕೊಂಡರೆ ನೂರಿಪ್ಪತ್ತು ಮಾತ್ರೆ ಆಯಿತು. ದಿನಕ್ಕೆ ನಾಲ್ಕು ಕಾಫಿ ಕುಡಿಯುವವರು ಇದಕ್ಕಾಗಿ ನಿದ್ದೆ ಕೆಡಿಸಿಕೊಳ್ಳಬೇಕಿಲ್ಲ. ಹುಟ್ಟಿನಿಂದ ಫೀನೈಲ್‌ಕೀಟೋನ್ಯೂರಿಯ ಎಂಬ ಅಪರೂಪದ ಕಾಯಿಲೆ ಇರುವವರು ಮಾತ್ರ ಆಸ್ಪರ್ಟೇಮನ್ನು ಮುಟ್ಟಬಾರದು.

ಹಾಗಾದರೆ ತೊಂದರೆಯೇ ಇಲ್ಲವೇ?

ಇದೆ. ಆದರೆ ಅದು ಜನ ಭಯಪಡುವ ಕಡೆ ಇಲ್ಲ.

ಹಸುವಿಗೆ ಒಮ್ಮೆಲೇ ಹೊಸ ಮೇವು ಹಾಕಿದರೆ ಏನಾಗುತ್ತದೆ? ಮೆಲುಕು ಚೀಲದ ಸೂಕ್ಷ್ಮಜೀವಿಗಳ ಸಮತೋಲ ತಪ್ಪಿ ಅಜೀರ್ಣವಾಗುತ್ತದೆ. ನಮ್ಮ ಕರುಳಿನಲ್ಲೂ ಅಂಥ ಜೀವಿಗಳ ಸಂಸಾರವೊಂದು ಇದೆ. 2014ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ವಿಜ್ಞಾನಿಗಳು ಸ್ಯಾಕರಿನ್ ತಿಂದ ಇಲಿಗಳಲ್ಲಿ ಕರುಳಿನ ಸೂಕ್ಷ್ಮಜೀವಿಗಳು ಬದಲಾಗಿ, ಸಕ್ಕರೆ ನಿಭಾಯಿಸುವ ಶಕ್ತಿಯೇ ಕುಂದುವುದನ್ನು ತೋರಿಸಿದರು. 2022ರಲ್ಲಿ ಅವರೇ 120 ಆರೋಗ್ಯವಂತ ಜನರ ಮೇಲೆ ಪರೀಕ್ಷಿಸಿದಾಗ ಸ್ಯಾಕರಿನ್ ಮತ್ತು ಸುಕ್ರಲೋಸ್‌ನಿಂದ ಕೆಲವರಲ್ಲಿ ಅಂಥ ಬದಲಾವಣೆ ಕಂಡಿತು, ಕೆಲವರಲ್ಲಿ ಕಾಣಲಿಲ್ಲ. ಆಳಿನಿಂದ ಆಳಿಗೆ ವ್ಯತ್ಯಾಸ. ಒಂದೇ ಮೇವಿಗೆ ಎರಡು ಹಸು ಎರಡು ರೀತಿ ಹಾಲು ಕೊಡುವಂತೆ.

2023ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದು ಮಾರ್ಗಸೂಚಿ ಹೊರಡಿಸಿತು. ತೂಕ ಇಳಿಸಲೆಂದು ಈ ಸಿಹಿಕಾರಕಗಳನ್ನು ಬಳಸಬೇಡಿ, ದೀರ್ಘಕಾಲದಲ್ಲಿ ಅದರಿಂದ ಪ್ರಯೋಜನ ಕಾಣುವುದಿಲ್ಲ, ಬಹುಕಾಲ ಬಳಸಿದವರಲ್ಲಿ ಸಕ್ಕರೆ ಕಾಯಿಲೆ ಮತ್ತು ಹೃದಯದ ಕಾಯಿಲೆ ಸ್ವಲ್ಪ ಹೆಚ್ಚು ಕಂಡಿದೆ ಎಂಬುದು ಅದರ ಸಾರ. ಇಲ್ಲಿ ಎರಡು ಸೂಕ್ಷ್ಮ ಗಮನಿಸಬೇಕು. ಈಗಾಗಲೇ ಸಕ್ಕರೆ ಕಾಯಿಲೆ ಇರುವವರಿಗೆ ಈ ಮಾರ್ಗಸೂಚಿ ಅನ್ವಯಿಸುವುದಿಲ್ಲ ಎಂದು ಅದರಲ್ಲೇ ಹೇಳಿದೆ. ಎರಡನೆಯದು, ಬಳಸಿದವರಲ್ಲಿ ಕಾಯಿಲೆ ಹೆಚ್ಚು ಎಂದರೆ ಬಳಸಿದ್ದರಿಂದಲೇ ಕಾಯಿಲೆ ಬಂತು ಎಂದಲ್ಲ. ಪಶುವೈದ್ಯರು ಪದೇ ಪದೇ ಬರುವ ಕೊಟ್ಟಿಗೆಯಲ್ಲಿ ಕಾಯಿಲೆ ಹೆಚ್ಚೇ ಇರುತ್ತದೆ. ವೈದ್ಯರೇ ಕಾಯಿಲೆ ತಂದರು ಎನ್ನಲಾದೀತೇ? (ಕಾಲುಬಾಯಿ ಜ್ವರದ ಕಾಲದಲ್ಲಿ ಬೂಟು ತೊಳೆಯದೆ ಕೊಟ್ಟಿಗೆಯಿಂದ ಕೊಟ್ಟಿಗೆಗೆ ಓಡಾಡಿದರೆ ಅದೂ ನಿಜವಾದೀತು. ಆದ್ದರಿಂದ ವಿಜ್ಞಾನಿಗಳು ಎರಡೂ ಕಡೆಯ ಅನುಮಾನ ಇಟ್ಟುಕೊಂಡೇ ನೋಡುತ್ತಿದ್ದಾರೆ.)

ನನ್ನ ಅಭಿಪ್ರಾಯ ಇಷ್ಟು. ಸಕ್ಕರೆ ಕಾಯಿಲೆ ಇದ್ದು, ಸಿಹಿ ಇಲ್ಲದ ಕಾಫಿ ಗಂಟಲಲ್ಲಿ ಇಳಿಯದು ಎನ್ನುವವರು ದಿನಕ್ಕೆ ಎರಡು ಮೂರು ಮಾತ್ರೆ ಬಳಸಿದರೆ ಅದು ಸಕ್ಕರೆಗಿಂತ ಮೇಲು. ಕಾಯಿಲೆ ಇಲ್ಲದವರಿಗೆ, ಮಕ್ಕಳಿಗೆ, ಗರ್ಭಿಣಿಯರಿಗೆ ಇದರ ಅಗತ್ಯವೇ ಇಲ್ಲ. ಹಸುವಿಗೆ ಕೊಟ್ಟ ಔಷಧಿ ಹಾಲಿನಲ್ಲಿ ಬರುವಂತೆ ಸ್ಯಾಕರಿನ್, ಸುಕ್ರಲೋಸ್ ಮುಂತಾದವು ತಾಯಿಯ ಎದೆಹಾಲಿನಲ್ಲೂ ಕಂಡುಬಂದಿವೆ. ಸಿಹಿಯ ಅಭ್ಯಾಸವನ್ನೇ ನಿಧಾನವಾಗಿ ಇಳಿಸುವುದು ಇವೆರಡಕ್ಕಿಂತಲೂ ಒಳ್ಳೆಯದು. ವಾರಕ್ಕೆ ಕಾಲು ಚಮಚದಂತೆ ಕಡಿಮೆ ಮಾಡುತ್ತಾ ಬಂದರೆ ನಾಲಿಗೆ ಒಗ್ಗಿಕೊಳ್ಳುತ್ತದೆ.

ಡಬ್ಬಿ ಕೈಗೆ ಬಂದ ಮೇಲೆ ಆಗುವ ಅನಾಹುತ

ನಾನು ಕಂಡಂತೆ ನಿಜವಾದ ಅಪಾಯ ಮಾತ್ರೆಯೊಳಗಿಲ್ಲ, ಮಾತ್ರೆ ಹಾಕಿಕೊಂಡೆ ಎಂಬ ಧೈರ್ಯದಲ್ಲಿದೆ.

ಐದು ಕಾಫಿಗೆ ಎರಡೆರಡು ಚಮಚ ಸಕ್ಕರೆ ಬಿಟ್ಟರೆ ದಿನಕ್ಕೆ ಸುಮಾರು 50 ಗ್ರಾಂ ಸಕ್ಕರೆ ಉಳಿಯಿತು. ಒಳ್ಳೆಯದೇ. ಆದರೆ ನೂರು ಗ್ರಾಂ ರಾಗಿ ಹಿಟ್ಟಿನ ಒಂದು ಮುದ್ದೆಯಲ್ಲೇ 65ರಿಂದ 70 ಗ್ರಾಂ ಪಿಷ್ಟವಿದೆ, ಅದು ಹೊಟ್ಟೆಯಲ್ಲಿ ಕರಗಿ ಗ್ಲೂಕೋಸೇ ಆಗುತ್ತದೆ. ರಾಗಿ ಉತ್ತಮ ಧಾನ್ಯ, ತಕರಾರಿಲ್ಲ. ಆದರೆ ಕಾಫಿಗೆ ಮಾತ್ರೆ ಹಾಕಿಕೊಂಡು ಮಧ್ಯಾಹ್ನ ಮೂರು ಮುದ್ದೆ, ಮೇಲೊಂದಿಷ್ಟು ಅನ್ನ ಉಣ್ಣುವವರ ಸಕ್ಕರೆ ಇಳಿಯುವುದು ಹೇಗೆ? ಮಾತ್ರೆ ಇಳಿಸುವುದು ಅದು ಯಾವುದರ ಜಾಗದಲ್ಲಿ ಕೂತಿದೆಯೋ ಆ ಸಕ್ಕರೆಯನ್ನು ಮಾತ್ರ. ಅದು ಔಷಧಿಯಲ್ಲ. ಇದನ್ನು ತಿಳಿಯದೆ ಸಿಹಿ ಮಾತ್ರೆ ಶುರು ಮಾಡಿ ವೈದ್ಯರು ಬರೆದ ಗುಳಿಗೆ ನಿಲ್ಲಿಸಿದವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ನಮ್ಮ ಮಂಡ್ಯ ಕಬ್ಬಿನ ನಾಡು, ಆಲೆಮನೆಗಳ ನಾಡು. ಹಾಗಾಗಿ ಬೆಲ್ಲದ ಮೇಲೆ ನಮಗೆ ಮಮತೆ ಹೆಚ್ಚು. "ಸಕ್ಕರೆ ಬಿಟ್ಟಿದ್ದೀನಿ, ಬೆಲ್ಲದ ಕಾಫಿ ಕುಡೀತೀನಿ" ಎಂದು ಹೇಳುವವರನ್ನು ಪ್ರತಿ ಊರಿನಲ್ಲೂ ನೋಡುತ್ತೇನೆ. ಬೆಲ್ಲದಲ್ಲಿ ಸ್ವಲ್ಪ ಕಬ್ಬಿಣಾಂಶ, ಖನಿಜ ಇರುವುದು ಹೌದು. ಆದರೆ ಅದರ ಬಹುಭಾಗ ಸಕ್ಕರೆಯೇ. ಸಕ್ಕರೆ ಕಾಯಿಲೆಯವರ ರಕ್ತಕ್ಕೆ ಬೆಲ್ಲವೂ ಒಂದೇ, ಸಕ್ಕರೆಯೂ ಒಂದೇ. ಜೇನುತುಪ್ಪವೂ ಅದೇ ಸಾಲು.

'ಶುಗರ್ ಫ್ರೀ' ಎಂದು ಬರೆದ ಮಿಠಾಯಿಗಳ ಮಾತೂ ಹೀಗೆಯೇ. ಪೇಡಕ್ಕೆ ಸಕ್ಕರೆ ಹಾಕದಿದ್ದರೂ ಖೋವಾದಲ್ಲಿ ಹಾಲಿನ ಲ್ಯಾಕ್ಟೋಸ್ ಮತ್ತು ಕೊಬ್ಬು ಗಟ್ಟಿಯಾಗಿ ಕೂತಿರುತ್ತವೆ. ಲಾಡಿನಲ್ಲಿ ಹಿಟ್ಟು, ತುಪ್ಪ ಇದ್ದೇ ಇರುತ್ತದೆ. ಕೆಲವದರಲ್ಲಿ ಮಾಲ್ಟಿಟಾಲ್, ಸಾರ್ಬಿಟಾಲ್ ಎಂಬ ಸಿಹಿಗಳನ್ನು ಹಾಕುತ್ತಾರೆ. ಮಾಲ್ಟಿಟಾಲ್ ರಕ್ತದ ಸಕ್ಕರೆಯನ್ನು ಸ್ವಲ್ಪ ಏರಿಸುತ್ತದೆ, ಇವೆರಡನ್ನೂ ಹೆಚ್ಚು ತಿಂದರೆ ಭೇದಿಯಾಗುತ್ತದೆ. ಮನೆಯಲ್ಲಿ ಪಾಯಸಕ್ಕೆ ಮಾತ್ರೆ ಬಳಸುವವರು ಒಲೆಯಿಂದ ಇಳಿಸಿದ ಮೇಲೆ ಹಾಕಬೇಕು. ಆಸ್ಪರ್ಟೇಮ್ ಕುದಿಸಿದಷ್ಟೂ ಸಿಹಿ ಕಳೆದುಕೊಳ್ಳುತ್ತದೆ. ಸುಕ್ರಲೋಸ್ ಕುದಿಯುವ ಶಾಖ ತಡೆದರೂ ಎಣ್ಣೆಯಲ್ಲಿ ಕರಿಯುವಂಥ, ಬೇಕರಿ ಒಲೆಯಂಥ ಹೆಚ್ಚಿನ ಶಾಖಕ್ಕೆ ಅದನ್ನು ಒಡ್ಡದಿರುವುದು ಕ್ಷೇಮ.

ಈಗ ಮೊದಲು ಹೇಳಿದ, ಪ್ರಾಣಕ್ಕೆ ಬರುವ ಸಂಗತಿ. ಇದನ್ನು ಮನೆಯವರೆಲ್ಲರಿಗೂ ಓದಿ ಹೇಳಿ.

ಹಾಲು ಉತ್ಪಾದಕರ ದಿನ ಬೆಳಗಿನ ಐದು ಗಂಟೆಗೆ ಶುರು. ಇನ್ಸುಲಿನ್ ಚುಚ್ಚಿಕೊಳ್ಳುವವರು, ಅಥವಾ ಸಕ್ಕರೆ ಇಳಿಸುವ ಕೆಲವು ಬಗೆಯ ಗುಳಿಗೆ ನುಂಗುವವರು ಅದನ್ನು ತೆಗೆದುಕೊಂಡು, ಏನೂ ತಿನ್ನದೆ ಸಗಣಿ ಬಾಚಿ, ಹಾಲು ಕರೆದು, ಸಂಘಕ್ಕೆ ಹೋಗಿ, ಹಾಗೆಯೇ ಹುಲ್ಲಿಗೆ ಹೊರಟುಬಿಟ್ಟರೆ ರಕ್ತದ ಸಕ್ಕರೆ ಇದ್ದಕ್ಕಿದ್ದಂತೆ ಕುಸಿಯಬಹುದು. ಮೈ ಬೆವರುವುದು, ಕೈ ನಡುಗುವುದು, ಎದೆ ಬಡಿತ, ಕಣ್ಣು ಮಂಜು, ಮಾತು ತೊದಲುವುದು, ವಿನಾಕಾರಣ ಸಿಡುಕುವುದು ಇದರ ಲಕ್ಷಣಗಳು. ನೋಡುವವರಿಗೆ ಕುಡಿದಂತೆ ಕಾಣಬಹುದು. ಆಗ ಬೇಕಾದದ್ದು ನಿಜವಾದ ಸಕ್ಕರೆ. ಮನೆಯಲ್ಲಿ ಒಬ್ಬರಿಗೆ ಕಾಯಿಲೆ ಎಂದು ಸಕ್ಕರೆ ಡಬ್ಬವನ್ನೇ ಖಾಲಿ ಮಾಡಿ, ಬರೀ ಸಿಹಿ ಮಾತ್ರೆ ಇಟ್ಟುಕೊಂಡ ಮನೆಗಳಿವೆ. ಅಂಥ ಮನೆಯಲ್ಲಿ ಗಾಬರಿಯಲ್ಲಿ ನಾಲ್ಕು ಸಿಹಿ ಮಾತ್ರೆ ಕದಡಿ ಕುಡಿಸಿದರೆ ಬಾಯಿ ಸಿಹಿಯಾಗುತ್ತದೆ, ಮೆದುಳಿಗೆ ಒಂದು ಕಣ ಗ್ಲೂಕೋಸೂ ಸಿಗುವುದಿಲ್ಲ. ಕೀಟೋಸಿಸ್ ಹಸುವಿಗೆ ಸ್ಯಾಕರಿನ್ ಒಯ್ದಂತೆ ಎಂದು ಮೇಲೆ ಹೇಳಿದ್ದು ಇದನ್ನೇ. 'ಡಯೆಟ್' ಎಂದು ಬರೆದ ತಂಪು ಪಾನೀಯವೂ ಆಗ ಉಪಯೋಗಕ್ಕೆ ಬಾರದು.

ಮೂರು ಚಮಚ ಸಕ್ಕರೆಯನ್ನು ಅರ್ಧ ಲೋಟ ನೀರಿನಲ್ಲಿ ಕದಡಿ ಕುಡಿಸಬೇಕು. ಹದಿನೈದು ನಿಮಿಷದಲ್ಲಿ ಚೇತರಿಸದಿದ್ದರೆ ಮತ್ತೊಮ್ಮೆ ಕೊಡಬೇಕು. ಚೇತರಿಸಿದ ಮೇಲೆ ಊಟ ಅಥವಾ ತಿಂಡಿ ಮಾಡಿಸಬೇಕು. ಅಕಾರ್ಬೋಸ್, ವೋಗ್ಲಿಬೋಸ್ ಎಂಬ ಗುಳಿಗೆ ತೆಗೆದುಕೊಳ್ಳುತ್ತಿರುವವರಿಗೆ ಮಾಮೂಲಿ ಸಕ್ಕರೆ ಬೇಗ ಹಿಡಿಯುವುದಿಲ್ಲ, ಗ್ಲೂಕೋಸ್ ಪುಡಿಯೇ ಆಗಬೇಕು. ಆದ್ದರಿಂದ ಕಾಯಿಲೆಯವರಿರುವ ಮನೆಯಲ್ಲಿ ಒಂದು ಪೊಟ್ಟಣ ಗ್ಲೂಕೋಸ್ ಸದಾ ಇರಲಿ. ಕೊಟ್ಟಿಗೆಯ ಗೂಡಿನಲ್ಲಿ ಇನ್ನೊಂದು ಇದ್ದರೂ ಲೇಸು. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು. ಗೊಟ್ಟದಲ್ಲಿ ಅವಸರದಿಂದ ಔಷಧಿ ಹೊಯ್ದಾಗ ಅದು ಶ್ವಾಸಕೋಶಕ್ಕೆ ಇಳಿದು ಎತ್ತು ಸತ್ತದ್ದನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. ಮನುಷ್ಯನಿಗೂ ಹಾಗೆಯೇ. ಪಕ್ಕಕ್ಕೆ ಹೊರಳಿಸಿ ಮಲಗಿಸಿ 108ಕ್ಕೆ ಕರೆ ಮಾಡಿ.

ಮಕ್ಕಳು ಮತ್ತು ಲೇಬಲ್ಲು

ಜಾತ್ರೆಯಲ್ಲಿ, ಶಾಲೆಯ ಮುಂದೆ ಮಾರುವ ಬಣ್ಣದ ಐಸ್ ಕ್ಯಾಂಡಿ, ಪೊಟ್ಟಣದ ಪಾನಕಗಳಿಗೆ ಖರ್ಚು ಉಳಿಸಲು ಸಕ್ಕರೆ ಬದಲು ಸ್ಯಾಕರಿನ್ ಹಾಕುವುದುಂಟು. ಸ್ಯಾಕರಿನ್‌ಗೆ ದಿನದ ಮಿತಿ ದೇಹದ ತೂಕದ ಪ್ರತಿ ಕಿಲೋಗೆ 5 ಮಿ.ಗ್ರಾಂ ಎಂಬ ಲೆಕ್ಕವಿದೆ. ಹದಿನೈದು ಕಿಲೋ ತೂಕದ ಮಗುವಿಗೆ 75 ಮಿ.ಗ್ರಾಂ ಆಯಿತು. ಅದು ಸುಮಾರು 30 ಗ್ರಾಂ ಸಕ್ಕರೆಯ ಸಿಹಿಗೆ ಸಮ. ಎರಡು ಮೂರು ಕ್ಯಾಂಡಿ, ಮೇಲೊಂದು ಪಾನಕ ಆದರೆ ಮಗು ಆ ಮಿತಿ ಮುಟ್ಟಿಬಿಡಬಹುದು. ದೊಡ್ಡವರಿಗೆ ದೂರದಲ್ಲಿರುವ ಗಡಿ ಮಗುವಿಗೆ ಇಷ್ಟು ಹತ್ತಿರ. ಲೇಬಲ್ ಇಲ್ಲದ ಪದಾರ್ಥದಲ್ಲಿ ಎಷ್ಟು ಬಿದ್ದಿದೆ ಎಂದು ಮಾರುವವನಿಗೂ ಗೊತ್ತಿರುವುದಿಲ್ಲ. ಪಾನ್ ಮಸಾಲ, ಸಿಹಿ ಅಡಿಕೆಯ ಪೊಟ್ಟಣಗಳಲ್ಲೂ ಸ್ಯಾಕರಿನ್ ಇರುತ್ತದೆ. ಅಲ್ಲಿ ಅದೇ ಎಲ್ಲಕ್ಕಿಂತ ಕಡಿಮೆ ಕೇಡಿನ ಪದಾರ್ಥ ಎನ್ನಬೇಕು.

ಲೇಬಲ್ ಇದ್ದರೆ ಸಣ್ಣ ಅಕ್ಷರದಲ್ಲಿ ಸಿಹಿಕಾರಕದ ಹೆಸರು ಅಥವಾ ಸಂಖ್ಯೆ ಇರುತ್ತದೆ. ಇಂಗ್ಲಿಷ್ ಬಾರದಿದ್ದರೂ ಸಂಖ್ಯೆ ಓದಬಹುದು. 950 ಎಂದರೆ ಅಸೆಸಲ್ಫೇಮ್, 951 ಆಸ್ಪರ್ಟೇಮ್, 954 ಸ್ಯಾಕರಿನ್, 955 ಸುಕ್ರಲೋಸ್, 960 ಸ್ಟೀವಿಯಾ. ಮಕ್ಕಳಿಗೆ ಶಿಫಾರಸು ಮಾಡುವುದಿಲ್ಲ ಎಂಬ ಎಚ್ಚರಿಕೆಯೂ ಇರಬೇಕೆಂದು ನಮ್ಮ ಆಹಾರ ಸುರಕ್ಷತಾ ನಿಯಮ ಹೇಳುತ್ತದೆ. ಸ್ಟೀವಿಯಾ ಪುಡಿ ಎಂದು ಮಾರುವ ಪೊಟ್ಟಣದಲ್ಲಿ ಸ್ಟೀವಿಯಾ ಚಿಟಿಕೆಯಷ್ಟಿದ್ದು, 968 ಸಂಖ್ಯೆಯ ಎರಿತ್ರಿಟಾಲ್ ಮುಕ್ಕಾಲು ಪಾಲು ಇರುವುದುಂಟು. ಎರಿತ್ರಿಟಾಲ್ ರಕ್ತದಲ್ಲಿ ಹೆಚ್ಚಿದ್ದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಹೆಚ್ಚು ಕಂಡಿತೆಂದು ಅಮೆರಿಕದ ಕ್ಲೀವ್‌ಲೆಂಡ್ ಕ್ಲಿನಿಕ್‌ನ ವಿಜ್ಞಾನಿಗಳು 2023ರಲ್ಲಿ ವರದಿ ಮಾಡಿದ್ದಾರೆ. ಅದು ಇನ್ನೂ ತೀರ್ಮಾನವಾದ ವಿಷಯವಲ್ಲ. ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಬಳಸಲಿ.

ನಾಯಿಗೆ ಇದು ವಿಷ

ಕೊನೆಗೆ ನನ್ನ ಇಲಾಖೆಯ ಮಾತು. 967 ಸಂಖ್ಯೆಯ ಝೈಲಿಟಾಲ್ ಎಂಬ ಸಿಹಿಯೊಂದಿದೆ. ಸಕ್ಕರೆ ರಹಿತ ಚೂಯಿಂಗ್ ಗಮ್, ಪೆಪ್ಪರ್‌ಮಿಂಟು, ಕೆಲವು ಟೂತ್‌ಪೇಸ್ಟುಗಳಲ್ಲಿ ಇರುತ್ತದೆ. ಮನುಷ್ಯರ ಹಲ್ಲಿಗೆ ಅದು ಒಳ್ಳೆಯದು. ಅದೇ ನಾಯಿಯ ಹೊಟ್ಟೆ ಸೇರಿದರೆ ಅದರ ಮೇದೋಜೀರಕ ಗ್ರಂಥಿ ಸಕ್ಕರೆಯೇ ಬಂತೆಂದು ತಿಳಿದು ಇನ್ಸುಲಿನ್ ಸುರಿಸಿಬಿಡುತ್ತದೆ. ಅರ್ಧ ಮುಕ್ಕಾಲು ಗಂಟೆಯಲ್ಲಿ ನಾಯಿಯ ರಕ್ತದ ಸಕ್ಕರೆ ಪಾತಾಳಕ್ಕಿಳಿಯುತ್ತದೆ. ವಾಂತಿ, ತೂರಾಟ, ಸೆಳವು ಕಾಣಿಸಿಕೊಳ್ಳುತ್ತವೆ. ಕೆಲವು ಸಲ ಲಕ್ಷಣಗಳು ತಡವಾಗಿಯೂ ಬರಬಹುದು. ತೂಕದ ಪ್ರತಿ ಕಿಲೋಗೆ 0.1 ಗ್ರಾಂ ಇದಕ್ಕೆ ಸಾಕು. ಹದಿನೈದು ಕಿಲೋ ತೂಕದ ಕಾವಲು ನಾಯಿಗೆ ಒಂದೂವರೆ ಗ್ರಾಂ, ಅಂದರೆ ಕೆಲವೇ ಗಮ್ ಚೂರುಗಳು. ಪ್ರತಿ ಕಿಲೋಗೆ ಅರ್ಧ ಗ್ರಾಂ ದಾಟಿದರೆ ಯಕೃತ್ತೇ ಕೆಟ್ಟುಹೋಗಬಹುದು. ಬೆಕ್ಕಿನ ಚಿಂತೆ ಕಡಿಮೆ. ಬೆಕ್ಕಿನ ಜಾತಿಗೆ ಸಿಹಿ ರುಚಿಯೇ ತಿಳಿಯುವುದಿಲ್ಲ, ಅದು ಬಾಯಿ ಹಾಕುವುದು ಹಾಲಿನ ಕೊಬ್ಬಿನ ಆಸೆಗೆ.

ನಾಯಿ ಇಂಥದ್ದೇನಾದರೂ ತಿಂದಿದ್ದು ಕಂಡರೆ ಕಾಯುತ್ತಾ ಕೂರಬೇಡಿ, ತಿಂದ ಪೊಟ್ಟಣದ ಸಮೇತ ಹತ್ತಿರದ ಪಶು ಚಿಕಿತ್ಸಾಲಯಕ್ಕೆ ಕರೆತನ್ನಿ. ನಾಯಿಗೆ ಎಚ್ಚರವಿದ್ದರೆ ದಾರಿಯಲ್ಲಿ ಒಸಡಿಗೆ ಸ್ವಲ್ಪ ಜೇನು ಅಥವಾ ಗ್ಲೂಕೋಸ್ ನೀರು ಸವರುತ್ತಾ ಬರಬಹುದು. ಉಳಿದ ಶುಗರ್ ಫ್ರೀ ತಿಂಡಿ, ಅವಧಿ ಮೀರಿದ ಸಿಹಿ ಪುಡಿಗಳನ್ನು ಕಲಗಚ್ಚಿನ ಬಾನಿಗೂ ಸುರಿಯಬೇಡಿ. ಅದರಿಂದ ರಾಸಿಗೆ ಯಾವ ಲಾಭವೂ ಇಲ್ಲ.